ಯಾವ ತಾವರೆ, ಯಾವ ಭಾಗ, ಯಾವ ನೀರು

ಬಾಳೆದಿಂಡಿನ ಪಲ್ಯಕ್ಕೆ ಹೆಚ್ಚಲು ಕೂರುವ ಮೊದಲು ನಮ್ಮ ಕಡೆಯ ಅಡುಗೆಮನೆಗಳಲ್ಲಿ ಒಂದು ಪಾತ್ರೆ ಮಜ್ಜಿಗೆ ನೀರು ತಯಾರಾಗಿರುತ್ತದೆ. ದಿಂಡನ್ನು ಬಿಲ್ಲೆ ಮಾಡಿ, ನೂಲನ್ನು ಬೆರಳಿಗೆ ಸುತ್ತಿ ಎಳೆದು, ಹೆಚ್ಚಿದ್ದನ್ನು ಹೆಚ್ಚಿದ ಹಾಗೆ ಅದರಲ್ಲಿ ಮುಳುಗಿಸುತ್ತಾರೆ. ಸ್ವಲ್ಪ ತಡವಾದರೂ ಬೆಳ್ಳಗಿನ ಬಿಲ್ಲೆ ಕಂದು ತಿರುಗಿ ಕಪ್ಪಾಗುತ್ತದೆ. ಕಳೆದ ಮಳೆಗಾಲದಲ್ಲಿ ಪೇಟೆಯಿಂದ ತಂದ ತಾವರೆ ಗೆಡ್ಡೆಯನ್ನು ಮೊದಲ ಬಾರಿಗೆ ಮಣೆಯ ಮೇಲಿಟ್ಟು ಕೊಯ್ದಾಗ ಕಂಡದ್ದೂ ಇದೇ. ಒಳಗೆ ಚಕ್ರದ ಹಾಗೆ ತೂತುಗಳು, ಎರಡು ಹೋಳು ಬೇರೆ ಮಾಡಿದರೆ ನಡುವೆ ಜೇಡನ ಬಲೆಯಷ್ಟು ತೆಳುವಾದ ನೂಲು, ಹತ್ತು ನಿಮಿಷದಲ್ಲಿ ಕೊಯ್ದ ಮುಖದ ಮೇಲೆಲ್ಲ ಕಂದು ಛಾಯೆ. ಮಜ್ಜಿಗೆ ನೀರಿಗೆ ಹಾಕಿದವು ಮಾತ್ರ ಬೆಳ್ಳಗೇ ಉಳಿದವು.

ಆಂಟಿಆಕ್ಸಿಡೆಂಟ್ ಎಂಬ ಮಾತು ಈಗ ಚಹಾದ ಪೊಟ್ಟಣದಿಂದ ಮುಖಕ್ಕೆ ಹಚ್ಚುವ ಕ್ರೀಮಿನವರೆಗೆ ಎಲ್ಲದರ ಮೇಲೂ ಇದೆ. ಅದರ ಅರ್ಥ ತಿಳಿಯಲು ಈ ಬಿಲ್ಲೆಯೊಂದು ಸಾಕು. ಗೆಡ್ಡೆಯ ಜೀವಕೋಶಗಳಲ್ಲಿ ಗ್ಯಾಲೋಕ್ಯಾಟೆಚಿನ್, ಕ್ಯಾಟೆಚಿನ್‌ನಂಥ ಪಾಲಿಫೀನಾಲ್‌ಗಳು ಒಂದು ಕಡೆ ಇರುತ್ತವೆ, ಅವನ್ನು ಆಮ್ಲಜನಕದೊಡನೆ ಕೂಡಿಸುವ ಕಿಣ್ವ ಇನ್ನೊಂದು ಕಡೆ. ಚೂರಿ ತಾಗಿದಾಗ ಗೋಡೆ ಒಡೆದು ಎರಡೂ ಗಾಳಿಯ ಎದುರು ಸಂಧಿಸುತ್ತವೆ, ಪಾಲಿಫೀನಾಲ್ ಉತ್ಕರ್ಷಣಗೊಂಡು ಕಪ್ಪಾಗುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ತೆಂಗಿನೆಣ್ಣೆ ಹಳತಾಗಿ ಕಮಟು ವಾಸನೆ ಬರುವುದು, ಕಡಲ ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುವುದು, ಎಲ್ಲವೂ ಆಮ್ಲಜನಕದ್ದೇ ಕೆಲಸ. ಬೇರೆಯದಕ್ಕೆ ಮೊದಲು ತಾನೇ ಉತ್ಕರ್ಷಣಕ್ಕೆ ಒಡ್ಡಿಕೊಂಡು ಪಕ್ಕದ್ದನ್ನು ಉಳಿಸುವ ವಸ್ತುವೇ ಉತ್ಕರ್ಷಣ ನಿರೋಧಕ.

ತಾವರೆಯಲ್ಲಿ ಇಂಥ ವಸ್ತುಗಳು ಹೇರಳವಾಗಿವೆ. ಅವು ಏನು, ಎಲ್ಲಿವೆ, ತಿಂದವರ ದೇಹಕ್ಕೆ ಎಷ್ಟು ದಕ್ಕುತ್ತವೆ ಎಂಬುದರ ಬಗ್ಗೆ ಚೀನಾ, ಜಪಾನ್, ಕೊರಿಯಾ ಮತ್ತು ಭಾರತದ ಪ್ರಯೋಗಾಲಯಗಳಿಂದ ಬಂದಿರುವ ಬರವಣಿಗೆ ದೊಡ್ಡದು. ಅದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೆರೆ ಮದಗಗಳ ದಡದಲ್ಲಿ ನಿಂತು ಓದಿದಾಗ ಕೆಲವು ಪ್ರಶ್ನೆಗಳು ಪ್ರಯೋಗಾಲಯಕ್ಕಿಂತ ಮೊದಲೇ ಎದುರಾಗುತ್ತವೆ.

ಮೊದಲನೆಯದು, ಗಿಡ ಯಾವುದು ಎಂಬುದೇ. ಬೈಂದೂರಿನ ಒಳನಾಡಿನ ಒಂದು ಮದಗದ ಏರಿಯ ಮೇಲೆ ನಿಂತು ನಾನು ಹೂವಿನ ಚಿತ್ರ ತೆಗೆಯುತ್ತಿದ್ದೆ. ಹುಲ್ಲಿನ ಹೊರೆ ಹೊತ್ತು ಬಂದ ಹಿರಿಯರೊಬ್ಬರು ನಿಂತು, "ಹ್ವಾಯ್, ಅದ್ ತಾವ್ರಿ ಅಲ್ಲ ಮರಾಯ್ರೆ. ಎಲಿ ಕಾಣಿ, ಸೀಳ್ ಇತ್ತ್" ಎಂದರು. ಸಸ್ಯವಿಜ್ಞಾನದ ಪುಸ್ತಕ ಅರ್ಧ ಪುಟದಲ್ಲಿ ಹೇಳುವುದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು. ನೈದಿಲೆಯ ಎಲೆಗೆ ಅಂಚಿನಿಂದ ನಡುವಿನವರೆಗೆ ಒಂದು ಸೀಳು ಇರುತ್ತದೆ, ಎಲೆ ನೀರಿಗೆ ಅಂಟಿಕೊಂಡು ತೇಲುತ್ತದೆ. ತಾವರೆಯ ಎಲೆ ಸೀಳಿಲ್ಲದ ಪೂರ್ತಿ ದುಂಡು. ತೊಟ್ಟು ಸರಿಯಾಗಿ ನಡುವಿಗೆ ಸೇರಿ ಎಲೆಯನ್ನು ಕೊಡೆಯಂತೆ ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದಿರುತ್ತದೆ, ತೊಟ್ಟಿನ ಮೈಗೆ ಸಣ್ಣ ಮುಳ್ಳು. ಹೂವಿನ ನಡುವೆ ತೂತುತೂತಾದ ಪೀಠ, ಪ್ರತಿ ತೂತಿನಲ್ಲೂ ಒಂದೊಂದು ಬೀಜ. ನೈದಿಲೆಗೆ ಈ ಪೀಠವಿಲ್ಲ. ಅದರ ಕಾಯಿ ನೀರಿನೊಳಗೆ ಮುಳುಗಿ ಬಲಿಯುತ್ತದೆ, ಬೀಜ ಸಾಸಿವೆಯಷ್ಟು ಸಣ್ಣದು.

ನೋಡಲು ಅಕ್ಕತಂಗಿಯರಂತಿದ್ದರೂ ಇವೆರಡು ಬಲು ದೂರದ ಕುಲಗಳು. ಲಿನೇಯಸ್ 1753ರಲ್ಲಿ ತಾವರೆಯನ್ನು ನೈದಿಲೆಯ ಕುಲಕ್ಕೇ ಸೇರಿಸಿದ್ದ. ಡಿಎನ್‌ಎ ಓದಲು ಕಲಿತ ಮೇಲೆ ತಿಳಿದದ್ದೆಂದರೆ, ಬದುಕಿರುವ ಗಿಡಗಳಲ್ಲಿ ತಾವರೆಗೆ ಹತ್ತಿರದ ಬಂಧುಗಳು ಪ್ಲೇನ್ ಮರ ಮತ್ತು ಸಿಲ್ವರ್ ಓಕ್‌ನ ಕುಟುಂಬ. ಘಟ್ಟದ ಮೇಲಿನ ಕಾಫಿ ತೋಟದಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕ್ ತಾವರೆಗೆ ನೈದಿಲೆಗಿಂತ ಹತ್ತಿರದ ನೆಂಟ ಎಂಬುದನ್ನು ಓದಿದ ದಿನ ನನಗೆ ನಂಬಲು ಹೊತ್ತು ಹಿಡಿಯಿತು. ಇಡೀ ಜಗತ್ತಿನಲ್ಲಿ ತಾವರೆಯ ಕುಲಕ್ಕೆ ಇರುವುದು ಎರಡೇ ಜಾತಿ: ಏಷ್ಯಾದ ನೆಲುಂಬೊ ನ್ಯೂಸಿಫೆರಾ ಮತ್ತು ಅಮೆರಿಕದ ಹಳದಿ ಹೂವಿನ ನೆಲುಂಬೊ ಲೂಟಿಯ. ಕುಲ ಬೇರೆಯಾದಾಗ ಒಳಗಿನ ರಾಸಾಯನಿಕಗಳ ಪಟ್ಟಿಯೂ ಬೇರೆಯಾಗುತ್ತದೆ. ತಾವರೆಯ ಮೇಲೆ ಮಾಡಿದ ಅಧ್ಯಯನವನ್ನು ನೈದಿಲೆಗೆ ಅನ್ವಯಿಸಿ ಹೇಳುವ ಹಾಗಿಲ್ಲ.

ಅಂಗಡಿಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. ತಾವರೆ ಬೀಜ, ಲೋಟಸ್ ಸೀಡ್ ಎಂದು ಕುಂದಾಪುರದಿಂದ ಬೆಂಗಳೂರಿನವರೆಗೆ ಮಾರಾಟವಾಗುವ ಬಿಳಿ ಅರಳಿನಂಥ ಮಖಾನಾ ತಾವರೆಯದ್ದಲ್ಲ. ಅದು ಯೂರ್ಯಾಲೆ ಫೆರಾಕ್ಸ್ ಎಂಬ ಮುಳ್ಳು ಗಿಡದ ಬೀಜ, ನೈದಿಲೆಯ ಕುಟುಂಬಕ್ಕೆ ಸೇರಿದ್ದು. ಬಿಹಾರದ ಮಿಥಿಲೆಯ ಕೊಳಗಳಲ್ಲಿ ಬೆಳೆಯುವ ಅದಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಳ್ಳೆಯ ತಿನಿಸು, ಬೆಲೆ ಕೊಟ್ಟು ತಿನ್ನಬಹುದು. ಆದರೆ ಆ ಪೊಟ್ಟಣದ ಹಿಂದೆ ತಾವರೆಯ ಗುಣಗಳನ್ನು ಅಚ್ಚು ಹಾಕುವುದು ತಪ್ಪು. ನಿಜವಾದ ತಾವರೆ ಬೀಜ ಕಡಲೆಗಿಂತ ದೊಡ್ಡದು, ಬಲಿತ ಮೇಲೆ ಕಲ್ಲಿನಷ್ಟು ಗಟ್ಟಿ, ಕಪ್ಪು. ಯಾತ್ರಾಸ್ಥಳಗಳ ಅಂಗಡಿಗಳಲ್ಲಿ ರುದ್ರಾಕ್ಷಿಯ ಪಕ್ಕ ಕಮಲಾಕ್ಷಿ ಮಾಲೆ ಎಂದು ತೂಗುವುದು ಅದೇ. ಇನ್ನು ನಮ್ಮ ಮನೆಗಳ ಅಂಗಳದ ಕುಂಡದಲ್ಲಿ ವರ್ಷಕ್ಕೆ ಕೆಲವು ರಾತ್ರಿ ಅರಳುವ ಬ್ರಹ್ಮಕಮಲ ಮಧ್ಯ ಅಮೆರಿಕದಿಂದ ಬಂದ ಪಾಪಾಸುಕಳ್ಳಿಯ ಜಾತಿ. ಹೆಸರಿನಲ್ಲಿ ಕಮಲ ಇದೆ, ಅಷ್ಟೇ.

ಗಿಡದ ಗುರುತು ಖಚಿತವಾಯಿತು ಎಂದುಕೊಳ್ಳೋಣ. ಮುಂದಿನ ಪ್ರಶ್ನೆ, ಅದರ ಯಾವ ಭಾಗ? ಸಂಶೋಧನೆಯ ಬರವಣಿಗೆಯಲ್ಲಿ 'ತಾವರೆಯ ಸಾರ' ಎಂಬ ಒಂದೇ ಮಾತಿನ ಹಿಂದೆ ಐದಾರು ಬೇರೆ ವಸ್ತುಗಳು ಇರುತ್ತವೆ.

ಎಲೆಯಲ್ಲಿ ಫ್ಲೇವನಾಯ್ಡ್‌ಗಳು ಹೆಚ್ಚು. ಈರುಳ್ಳಿಯಲ್ಲೂ ಇರುವ ಕ್ವರ್ಸಿಟಿನ್ ಇಲ್ಲಿ ಗ್ಲೂಕುರೊನೈಡ್ ರೂಪದಲ್ಲಿ ಮುಖ್ಯವಾಗಿ ಸಿಗುತ್ತದೆ, ಜೊತೆಗೆ ಹೈಪರೋಸೈಡ್, ಐಸೊಕ್ವರ್ಸಿಟ್ರಿನ್, ಕೆಂಪ್‌ಫೆರಾಲ್‌ನ ರೂಪಗಳು. ದಿನವಿಡೀ ಬಿಸಿಲಿಗೆ ಮುಖ ಒಡ್ಡಿ ನಿಲ್ಲುವ ಎಲೆಗೆ ಇವು ನೇರಳಾತೀತ ಕಿರಣದಿಂದ ರಕ್ಷಣೆ. ಎಲೆಯಲ್ಲಿ ಇನ್ನೊಂದು ಗುಂಪೂ ಇದೆ, ಅದನ್ನು ಮರೆಯುವವರೇ ಹೆಚ್ಚು: ನ್ಯೂಸಿಫೆರಿನ್ ಮತ್ತು ಅದರ ಸಂಗಡಿಗ ಆಲ್ಕಲಾಯ್ಡ್‌ಗಳು. ಕಹಿಯಾದ, ನರಮಂಡಲದ ಗ್ರಾಹಿಗಳನ್ನು ಮುಟ್ಟಬಲ್ಲ ವಸ್ತುಗಳು ಅವು. ತೂಕ ಇಳಿಸಲು ಎಂದು ಮಾರುವ ತಾವರೆ ಎಲೆಯ ಚಹಾದಲ್ಲಿ ಫ್ಲೇವನಾಯ್ಡ್ ಮತ್ತು ಆಲ್ಕಲಾಯ್ಡ್ ಎರಡೂ ಇಳಿದಿರುತ್ತವೆ.

ಹೂವಿನ ಎಸಳಿನ ಗುಲಾಬಿ ಬಣ್ಣ ಆಂಥೋಸಯನಿನ್‌ಗಳದ್ದು, ಅವುಗಳಲ್ಲಿ ಮಾಲ್ವಿಡಿನ್‌ನದ್ದೇ ಮುಖ್ಯ ಪಾಲು. ಕೇಸರಗಳಲ್ಲಿ ಕೆಂಪ್‌ಫೆರಾಲ್ ವರ್ಗದವು. ಬೀಜ ಉದುರಿದ ಮೇಲೆ ಉಳಿಯುವ ಒಣ ಪೀಠದಲ್ಲಿ ಪ್ರೊಸಯನಿಡಿನ್‌ಗಳು. ಈ ಕೊನೆಯದನ್ನು ಓದುವಾಗ ನಮ್ಮ ಊಟದ ತಟ್ಟೆ ನೆನಪಾಗುತ್ತದೆ. ಕೆಂಪು ಕುಚ್ಚಲಕ್ಕಿಯ ತೌಡಿನ ಬಣ್ಣಕ್ಕೂ ಇದೇ ಬಳಗದ ಪ್ರೊಆಂಥೋಸಯನಿಡಿನ್‌ಗಳೇ ಕಾರಣ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ ಹೊರಬಂದ ಸಹ್ಯಾದ್ರಿ ಕೆಂಪುಮುಕ್ತಿಯಂಥ ಕೆಂಪಕ್ಕಿ ತಳಿ ಗದ್ದೆಯಲ್ಲಿ ಇರುವಾಗ, ತೌಡು ಪೂರ್ತಿ ಹೋಗದಂತೆ ಮಿಲ್ ಮಾಡಿಸಿದ ಅಕ್ಕಿಯ ಗಂಜಿ ಉಂಡವರಿಗೆ ಈ ಬಳಗದ ವಸ್ತು ದಿನಾ ಸಿಗುತ್ತದೆ. ತಾವರೆ ಪೀಠದ ಸಾರದ ಮಾತ್ರೆಗೆ ಹಣ ಸುರಿಯುವ ಮೊದಲು ಅದನ್ನು ಯೋಚಿಸಬೇಕು. ಬಿರು ಬೇಸಗೆಯಲ್ಲಿ ನಾವು ಕುಡಿಯುವ ಪುನರ್ಪುಳಿ ಪಾನಕದ ಕೆಂಪೂ ಆಂಥೋಸಯನಿನ್‌ನದ್ದೇ.

ಗೆಡ್ಡೆ ಅಂದರೆ ಕೆಸರಿನಲ್ಲಿ ಅಡ್ಡಲಾಗಿ ಹರಿಯುವ ಕಾಂಡ. ಹಸಿ ಗೆಡ್ಡೆಯ 100 ಗ್ರಾಂನಲ್ಲಿ ಸುಮಾರು 44 ಮಿಲಿಗ್ರಾಂ ಸಿ ಜೀವಸತ್ವ, ಐದು ಗ್ರಾಂನಷ್ಟು ನಾರು, 556 ಮಿಲಿಗ್ರಾಂ ಪೊಟ್ಯಾಷಿಯಂ, 17 ಗ್ರಾಂ ಶರ್ಕರಪಿಷ್ಟ ಇವೆ. ನಿಂಬೆಹಣ್ಣಿಗಿಂತ ಸ್ವಲ್ಪ ಕಡಿಮೆ, ಪೇರಲೆಯ ಐದನೇ ಒಂದು ಪಾಲು ಸಿ ಜೀವಸತ್ವ ಎಂದ ಹಾಗಾಯಿತು. ಬೇಯಿಸಿದರೆ ಅದೂ ಇಳಿಯುತ್ತದೆ. ಅದ್ಭುತವೇನೂ ಇಲ್ಲ, ಆದರೆ ಹೊಟ್ಟೆ ತುಂಬುವ ಒಳ್ಳೆಯ ತರಕಾರಿ. ಕಾಶ್ಮೀರದವರು ನದ್ರು ಎಂದು, ಸಿಂಧಿಗಳು ಬೀ ಎಂದು ಅದನ್ನು ಪ್ರೀತಿಯಿಂದ ತಿನ್ನುತ್ತಾರೆ. ಬಯಲುಸೀಮೆಯ ಕಡೆ ಬಿಲ್ಲೆ ಮಾಡಿ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕ ಸಿಗುತ್ತದೆ. ಕರಾವಳಿಯ ನಮ್ಮ ಅಡುಗೆಯಲ್ಲಿ ಕೆಸುವಿನ ಪತ್ರೊಡೆ, ಒಂದೆಲಗದ ತಂಬುಳಿ, ದಿಂಡಿನ ಪಲ್ಯ ಊರಿದ ಹಾಗೆ ತಾವರೆ ಗೆಡ್ಡೆ ಊರಲಿಲ್ಲ. ಇಲ್ಲಿ ತಾವರೆ ದೇವರ ಪಾದಕ್ಕೆ ಹೋಗುವ ಹೂವಾಗಿಯೇ ಉಳಿಯಿತು. ಕಬ್ಬಿಣದ ಬಾಣಲೆಯಲ್ಲಿ ಮಾತ್ರ ಗೆಡ್ಡೆಯನ್ನು ಬೇಯಿಸಬಾರದು. ಅದರ ಒಗರು ಕಬ್ಬಿಣದೊಡನೆ ಕೂಡಿ ಪಲ್ಯ ಶಾಯಿಯ ಬಣ್ಣಕ್ಕೆ ತಿರುಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಶ್ರೀಮಂತವಾದ ಭಾಗ ಬೀಜ. ಒಣಬೀಜದ ತಿರುಳಿನ 100 ಗ್ರಾಂನಲ್ಲಿ ಸುಮಾರು 15 ಗ್ರಾಂ ಪ್ರೋಟೀನ್ ಇದೆ, ಕೊಬ್ಬು ಎರಡೇ ಗ್ರಾಂ. ತಿರುಳನ್ನು ಎರಡಾಗಿ ಬಿಡಿಸಿದರೆ ನಡುವೆ ಬೆರಳುಗುರಿನಷ್ಟು ಉದ್ದದ, ಕಡುಹಸಿರಿನ ಒಂದು ಮೊಳಕೆ ಮಡಚಿ ಮಲಗಿರುತ್ತದೆ. ಬೆಳಕೇ ಕಾಣದ ಕಪ್ಪು ಕವಚದೊಳಗೆ ಅದು ಹಸಿರಾಗಿರುವುದೇ ಒಂದು ವಿಶೇಷ. ನಾಲಿಗೆಗೆ ಇಟ್ಟರೆ ಕಿರಾತಕಡ್ಡಿಯ ಕಹಿ. ಬೀಜ ತಿನ್ನುವವರು ಅದನ್ನು ಕಿತ್ತು ಬಿಸಾಡುತ್ತಾರೆ, ಚೀನಾದ ವೈದ್ಯರು ಅದನ್ನೇ ಬೇರೆ ಮಾಡಿ ಔಷಧಿಯಾಗಿ ಕಾಯ್ದಿಡುತ್ತಾರೆ. ನೆಫೆರಿನ್, ಲಿಯೆನ್ಸಿನಿನ್, ಐಸೊಲಿಯೆನ್ಸಿನಿನ್ ಎಂಬ ಆಲ್ಕಲಾಯ್ಡ್‌ಗಳು ಈ ಮೊಳಕೆಯಲ್ಲಿವೆ. ಹೃದಯದ ಬಡಿತ, ರಕ್ತದೊತ್ತಡ, ನಿದ್ದೆ, ಉರಿಯೂತ, ಕ್ಯಾನ್ಸರ್ ಕೋಶಗಳು ಹೀಗೆ ಹಲವು ದಿಕ್ಕಿನಲ್ಲಿ ಇವುಗಳ ಮೇಲೆ ಪ್ರಯೋಗಗಳು ನಡೆದಿವೆ. ಬಹುಪಾಲು ಗಾಜಿನ ತಟ್ಟೆಯ ಕೋಶಗಳ ಮೇಲೆ ಮತ್ತು ಇಲಿಗಳ ಮೇಲೆ.

ಬೀಜದ ಬಾಳಿಕೆಯ ಕಥೆ ಇನ್ನೂ ದೊಡ್ಡದು. ಜಪಾನಿನ ಇಚಿರೊ ಓಗಾ 1951ರಲ್ಲಿ ಚಿಬಾದ ಹಳೆಯ ಜೌಗು ಮಣ್ಣಿನಿಂದ ತೆಗೆದ ಬೀಜವನ್ನು ಮೊಳೆಸಿದರು. ಅದು ಸುಮಾರು ಎರಡು ಸಾವಿರ ವರ್ಷ ಹಿಂದಿನದೆಂದು ಅಂದಾಜು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜೇನ್ ಶೆನ್-ಮಿಲ್ಲರ್ ಮತ್ತು ಸಂಗಡಿಗರು ಈಶಾನ್ಯ ಚೀನಾದ ಒಣಗಿದ ಕೆರೆಯಂಗಳದ ಬೀಜವೊಂದು ಮೊಳೆತದ್ದನ್ನು 1995ರಲ್ಲಿ ವರದಿ ಮಾಡಿದರು. ಇಂಗಾಲದ ಲೆಕ್ಕದಲ್ಲಿ ಅದರ ವಯಸ್ಸು ಸುಮಾರು 1,300 ವರ್ಷ. ಅಷ್ಟು ಕಾಲ ಒಳಗಿನ ಜೀವ ಕೆಡದೆ ಉಳಿದದ್ದಕ್ಕೆ ನೀರು ಗಾಳಿ ನುಸುಳದ ಕವಚ ಮೊದಲ ಕಾರಣ. ಹಾಳಾದ ಪ್ರೋಟೀನನ್ನು ರಿಪೇರಿ ಮಾಡುವ ಕಿಣ್ವವೂ ಅದರಲ್ಲಿ ಚುರುಕಾಗಿತ್ತು. 2013ರಲ್ಲಿ ತಾವರೆಯ ಪೂರ್ಣ ಜೀನೋಮ್ ಓದಲ್ಪಟ್ಟಿತು, ಈ ದೀರ್ಘಾಯುಷ್ಯದ ಗುಟ್ಟಿನ ಹುಡುಕಾಟವೂ ಅದರ ಹಿಂದಿತ್ತು. ಸಾವಿರ ವರ್ಷ ಬಾಳುವ ಬೀಜ ತಿಂದರೆ ಆಯುಸ್ಸು ಹೆಚ್ಚುತ್ತದೆ ಎಂಬ ಜಾಹೀರಾತಿನ ಜಿಗಿತ ಹುಟ್ಟುವುದು ಇಲ್ಲಿಂದಲೇ. ಬೀಜವನ್ನು ಕಾದದ್ದು ಕವಚ ಮತ್ತು ಮಲಗಿದ ಸ್ಥಿತಿ. ಜಗಿದು ನುಂಗಿದವರ ಹೊಟ್ಟೆಯಲ್ಲಿ ಎರಡೂ ಉಳಿಯುವುದಿಲ್ಲ.

ಈಗ ಅಳತೆಯ ವಿಷಯ. ಒಂದು ಸಸ್ಯದ ಆಂಟಿಆಕ್ಸಿಡೆಂಟ್ ಶಕ್ತಿ ಇಷ್ಟು ಎಂದು ಹೇಳುವ ವರದಿಗಳಲ್ಲಿ ಹೆಚ್ಚಿನವು ಡಿಪಿಪಿಎಚ್ ಎಂಬ ಸರಳ ಪರೀಕ್ಷೆಯಿಂದ ಶುರುವಾಗುತ್ತವೆ. ಗಾಢ ನೇರಳೆಯ ದ್ರಾವಣಕ್ಕೆ ಸಾರದ ಹನಿ ಹಾಕುತ್ತಾರೆ. ಉತ್ಕರ್ಷಣ ನಿರೋಧಕ ಇದ್ದಷ್ಟೂ ನೇರಳೆ ಮಾಸಿ ತಿಳಿಹಳದಿಗೆ ಬರುತ್ತದೆ. ಆ ಬದಲಾವಣೆಯನ್ನು 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು ಅಂಕಿ ಕೊಡುತ್ತಾರೆ. ಕಾಲೇಜು ಪ್ರಯೋಗಾಲಯದಲ್ಲಿ ಬಣ್ಣ ಹೀಗೆ ಕಣ್ಣೆದುರೇ ಕರಗುವುದನ್ನು ಕಂಡ ವಿದ್ಯಾರ್ಥಿಗೆ ಅದು ಮರೆಯದ ನೋಟ. ಪರೀಕ್ಷೆಯೇನೋ ಪ್ರಾಮಾಣಿಕ. ಆದರೆ ಅದು ಹೇಳುವುದು ಕೊಳವೆಯೊಳಗಿನ ಸುದ್ದಿ. ಡಿಪಿಪಿಎಚ್ ನಮ್ಮ ರಕ್ತದಲ್ಲಿ ಇರುವ ವಸ್ತುವೇ ಅಲ್ಲ. ಇಂಥದೇ ಇನ್ನೊಂದು ಅಳತೆಯಾದ ಓಆರ್‌ಎಸಿಯ ಅಂಕಿಗಳ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ತನ್ನ ಜಾಲತಾಣದಲ್ಲಿ ಇಟ್ಟಿತ್ತು. ಆ ಅಂಕಿಗೂ ಮನುಷ್ಯರ ಆರೋಗ್ಯಕ್ಕೂ ನೇರ ನಂಟು ಸಾಬೀತಾಗಿಲ್ಲ, ಮಾರಾಟಗಾರರು ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಅದನ್ನು ತೆಗೆದುಹಾಕಿತು.

ಈ ಎಚ್ಚರಕ್ಕೆ ಹಿಂದೊಂದು ನೋವಿನ ಚರಿತ್ರೆ ಇದೆ. ಮುಕ್ತ ರ್‍ಯಾಡಿಕಲ್‌ಗಳಿಂದಲೇ ಮುಪ್ಪು ಬರುತ್ತದೆ ಎಂಬ ವಾದವನ್ನು ಡೆನಮ್ ಹರ್ಮನ್ 1956ರಲ್ಲಿ ಮುಂದಿಟ್ಟರು. ಹಾಗಾದರೆ ಅವನ್ನು ಹಿಡಿಯುವ ವಸ್ತು ಕೊಟ್ಟರೆ ರೋಗ ತಗ್ಗಬೇಕಲ್ಲ? ಫಿನ್‌ಲೆಂಡಿನಲ್ಲಿ ಸಿಗರೇಟಿನ ಚಟವಿದ್ದ 29,133 ಗಂಡಸರನ್ನು ಗುಂಪು ಮಾಡಿ ಕೆಲವರಿಗೆ ಬೀಟಾ ಕ್ಯಾರೊಟಿನ್, ಕೆಲವರಿಗೆ ಇ ಜೀವಸತ್ವದ ಮಾತ್ರೆ ವರ್ಷಗಟ್ಟಲೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಅಲ್ಲೂ ಕ್ಯಾನ್ಸರ್ ಏರಿತ್ತು. ತರಕಾರಿ ಹಣ್ಣು ತಿನ್ನುವವರಿಗೆ ಒಳ್ಳೆಯದಾಗುವುದು ನಿಜವೇ. ಅದರಿಂದ ಒಂದು ವಸ್ತುವನ್ನು ಹಿಂಡಿ ತೆಗೆದು ಮಾತ್ರೆ ಮಾಡಿದಾಗ ಅದೇ ಫಲ ಸಿಗುತ್ತದೆ ಎಂಬ ಭರವಸೆ ಅಲ್ಲಿ ಕುಸಿಯಿತು. ತಾವರೆ ಸಾರದ ಮಾತ್ರೆ ಕೊಳ್ಳುವವರೆಲ್ಲ ಈ ಎರಡು ಇಸವಿಗಳನ್ನು ನೆನಪಿಟ್ಟುಕೊಳ್ಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ನುಂಗಿದ ಪಾಲಿಫೀನಾಲ್‌ಗೆ ದೇಹದಲ್ಲಿ ಆಗುವುದು ಬೇರೆಯೇ. ಕರುಳು ಅದರಲ್ಲಿ ಕೊಂಚ ಭಾಗ ಮಾತ್ರ ಹೀರುತ್ತದೆ, ಯಕೃತ್ತು ಅದಕ್ಕೆ ಬೇರೆ ಅಣುಗಳನ್ನು ಅಂಟಿಸಿ ಹೊರಹಾಕಲು ಸಿದ್ಧ ಮಾಡುತ್ತದೆ, ಉಳಿದದ್ದನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆಯುತ್ತವೆ. ರಕ್ತದಲ್ಲಿ ಕಾಣುವ ಪ್ರಮಾಣ ಕೊಳವೆಯಲ್ಲಿ ಬಳಸಿದ ಪ್ರಮಾಣಕ್ಕೆ ಹೋಲಿಸಿದರೆ ಬಹಳ ಅಲ್ಪ. ಹಾಗಾಗಿ ಈಗ ವಿಜ್ಞಾನಿಗಳ ಗಮನ ರ್‍ಯಾಡಿಕಲ್ ಹಿಡಿಯುವುದರಿಂದ ಸರಿದು, ಇಂಥ ಅಣುಗಳು ಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಚ್ಚರಿಸುತ್ತವೆಯೇ, ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಿಸುತ್ತವೆಯೇ ಎಂಬ ಕಡೆ ಹೋಗಿದೆ. ತಾವರೆಯ ಎಲೆ, ಪೀಠ, ಮೊಳಕೆಗಳ ಬಗ್ಗೆ ಇಲಿಗಳಲ್ಲಿ ಕೊಬ್ಬು, ಸಕ್ಕರೆ, ಉರಿಯೂತ ಇಳಿದ ವರದಿಗಳು ಸಾಕಷ್ಟಿವೆ. ಮನುಷ್ಯರ ಮೇಲಿನ ಪ್ರಯೋಗಗಳು ಕಡಿಮೆ, ಇರುವವೂ ಸಣ್ಣವು. ಭರವಸೆ ಇಟ್ಟು ಸಂಶೋಧನೆ ಮುಂದುವರಿಸಲು ಇಷ್ಟು ಸಾಕು. ಮಧುಮೇಹದ ಮಾತ್ರೆ ನಿಲ್ಲಿಸಿ ತಾವರೆ ಚಹಾಕ್ಕೆ ಬದಲಾಗಲು ಖಂಡಿತ ಸಾಲದು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ತಾವರೆ ಎಲೆಯ ಆಲ್ಕಲಾಯ್ಡ್‌ಗಳು ಸಿವೈಪಿ2ಡಿ6 ಎಂಬ ಯಕೃತ್ತಿನ ಕಿಣ್ವವನ್ನು ತಡೆಯುತ್ತವೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್, ಖಿನ್ನತೆಯ ಕೆಲವು ಮಾತ್ರೆಗಳು ದೇಹದಿಂದ ಹೊರಹೋಗುವುದು ಈ ಕಿಣ್ವದ ಮೂಲಕ. ದಾರಿ ಕಟ್ಟಿದರೆ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಹೃದಯದ ಬಡಿತದ ಮೇಲೆ ಕೆಲಸ ಮಾಡುವ ನೆಫೆರಿನ್ ಇರುವ ಮೊಳಕೆಯ ಪುಡಿಯೂ ಅಷ್ಟೇ. ಗೆಡ್ಡೆಯ ಪಲ್ಯ, ಬೀಜದ ಪಾಯಸ ತಿನ್ನುವವರಿಗೆ ಈ ಚಿಂತೆ ಬೇಡ. ಎಲೆಯ ಸಾರ, ಮೊಳಕೆಯ ಪುಡಿಯನ್ನು ದಿನಾ ತೆಗೆದುಕೊಳ್ಳುವವರು, ಅದರಲ್ಲೂ ಗರ್ಭಿಣಿಯರು ಮತ್ತು ಹೃದಯದ ಔಷಧಿ ಸೇವಿಸುವವರು, ತಮ್ಮ ವೈದ್ಯರಿಗೆ ಹೇಳದೆ ಶುರು ಮಾಡಬಾರದು.

ಆಯುರ್ವೇದ ತಾವರೆಯನ್ನು ಕಂಡ ಬಗೆ ಬೇರೆ. ಅದು ಭಾಗಭಾಗಕ್ಕೂ ಬೇರೆ ಹೆಸರಿಟ್ಟು, ಬೇರೆ ಕೆಲಸ ಕೊಟ್ಟಿದೆ: ದಂಟು ಮೃಣಾಲ, ಗೆಡ್ಡೆ ಶಾಲೂಕ, ಬೀಜ ಪದ್ಮಬೀಜ, ಕೇಸರ ಪದ್ಮಕೇಸರ. ಚರಕ ಸಂಹಿತೆಯ ಮೂತ್ರವಿರಜನೀಯ ಗಣದ ಹತ್ತು ದ್ರವ್ಯಗಳಲ್ಲಿ ಪದ್ಮ, ಉತ್ಪಲ, ನಳಿನ, ಕುಮುದ, ಸೌಗಂಧಿಕ, ಪುಂಡರೀಕ, ಶತಪತ್ರ ಎಂದು ಏಳು ತಾವರೆ ನೈದಿಲೆಗಳ ಹೆಸರೇ. ಒಂದೇ ಗಣಕ್ಕೆ ಸೇರಿಸಿದರೂ ಪದ್ಮವೇ ಬೇರೆ, ಕುಮುದವೇ ಬೇರೆ ಎಂದು ಎಣಿಸಿದ ಆ ಶಿಸ್ತು ಇವತ್ತಿನ ಪೊಟ್ಟಣಗಳಲ್ಲಿ ಇಲ್ಲ. ತಂಪು, ಒಗರು, ಸಿಹಿ ಎಂದು ತಾವರೆಯನ್ನು ವರ್ಣಿಸಿ ರಕ್ತಪಿತ್ತಕ್ಕೆ, ಅಂದರೆ ರಕ್ತ ಸೋರುವ ಕಾಯಿಲೆಗಳಿಗೆ, ಹೆಚ್ಚಾಗಿ ಬಳಸಿದ್ದಾರೆ. ರಕ್ತಮೂಲವ್ಯಾಧಿಗೆ ಕೇಸರವನ್ನು ಬೆಣ್ಣೆ ಸಕ್ಕರೆಯೊಡನೆ ಕೊಡುವ ಯೋಗವನ್ನು ವೈದ್ಯರು ತಾವರೆಯ ಕೇಸರವೆಂದೇ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಕೊಡುವ ಅರವಿಂದಾಸವದ ಹೆಸರೇ ತಾವರೆಯದ್ದು. ಒಗರು ಎಂದು ಅವರು ನಾಲಿಗೆಯಿಂದ ಗುರುತಿಸಿದ್ದನ್ನು ರಸಾಯನಶಾಸ್ತ್ರ ಟ್ಯಾನಿನ್, ಕ್ಯಾಟೆಚಿನ್ ಎಂದು ಹೆಸರಿಸುತ್ತದೆ. ಅಂಗಾಂಶವನ್ನು ಕುಗ್ಗಿಸಿ ಸೋರಿಕೆ ತಗ್ಗಿಸುವುದು ಒಗರಿನ ಗುಣವೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಚರಕನನ್ನು ಓದಿಕೊಂಡೇ ಡಿಪಿಪಿಎಚ್‌ನ ಅಂಕಿಯನ್ನು ಸಾಕ್ಷಿಯಾಗಿ ತರುವವರು ಎರಡೂ ಪರಂಪರೆಗಳಿಗೆ ಅನ್ಯಾಯ ಮಾಡುತ್ತಾರೆ. ಗ್ರಂಥದಲ್ಲಿ ಇರುವುದು ರೋಗಿ, ಪ್ರಮಾಣ, ಅನುಪಾನ, ಋತು. ಅದನ್ನು ಬಲ್ಲವರನ್ನೇ ಕೇಳಬೇಕು. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು ಇರುವಾಗ ನಮ್ಮ ಮೂರೂ ತಾಲ್ಲೂಕಿನವರಿಗೆ ಅದು ದೂರದ ದಾರಿಯಲ್ಲ.

ಗಿಡ ಸರಿ, ಭಾಗ ಸರಿ. ನೀರು? ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಇದೇ. ಆರೋಗ್ಯದ ಬರವಣಿಗೆಯಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ತಾವರೆ ಉಪ್ಪು ತಾಳದ ಗಿಡ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಕೂಡಿ ಪಂಚಗಂಗಾವಳಿಯಾಗುವ ಕುಂದಾಪುರದ ಸುತ್ತ ಕಡಲಿನ ಉಪ್ಪು ಭರತದೊಡನೆ ಒಳನಾಡಿಗೆ ಏರುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು, ತೆಗೆಯುವುದು ಇಲ್ಲಿನ ರೈತರ ವಾರ್ಷಿಕ ಕೆಲಸ. ಹಲಗೆ ತಡವಾದರೆ ಬೈಲುಗದ್ದೆಯೂ ಹೋಗುತ್ತದೆ, ಗದ್ದೆಯ ಅಂಚಿನ ಸಿಹಿನೀರಿನ ಗುಂಡಿಯೂ ಹೋಗುತ್ತದೆ. ಹಾಗಾಗಿ ತಾವರೆಗೆ ಉಳಿಯುವುದು ದೇವಸ್ಥಾನದ ಕೆರೆಗಳು, ಒಳನಾಡಿನ ಮದಗಗಳು, ನೀರು ನಿಂತ ಹಳೆಯ ಮುರಕಲ್ಲಿನ ಕೋರೆಗಳು. ಕುಬ್ಜಾ ದಡದ ಕಮಲಶಿಲೆಯಂತೆ ಊರಿನ ಹೆಸರಿನಲ್ಲೇ ಕಮಲ ಇರುವ ಸೀಮೆ ಇದು. ತಾವರೆ ಕರ್ನಾಟಕದ ರಾಜ್ಯಪುಷ್ಪವೂ ಹೌದು. ವರಮಹಾಲಕ್ಷ್ಮಿ, ನವರಾತ್ರಿ, ದೀಪಾವಳಿಯ ಹೊತ್ತಿಗೆ ಮಾತ್ರ ಪೇಟೆಯ ಹೂವಿನಂಗಡಿಯಲ್ಲಿ ಮೊಗ್ಗುಗಳು ಬೇರೆ ಊರಿನಿಂದ ಬಂದ ಡಬ್ಬಿಯಿಂದ ಹೊರಬರುತ್ತವೆ.

ಕೆಸರಿನಲ್ಲಿ ಹರಡುವ ಗೆಡ್ಡೆಗೆ ಉಸಿರು ಬೇಕು. ಕೆಸರಿನಲ್ಲಿ ಆಮ್ಲಜನಕವಿಲ್ಲ. ಎಲೆಯೊಳಗೆ ಬಿಸಿಲಿಗೆ ಒತ್ತಡ ಏರಿ ಗಾಳಿ ತೊಟ್ಟಿನ ಕೊಳವೆಗಳಲ್ಲಿ ಗೆಡ್ಡೆಗೆ ಇಳಿಯುತ್ತದೆ. ನಾವು ಕೊಯ್ದಾಗ ಕಂಡ ಚಕ್ರದಂಥ ತೂತುಗಳು ಆ ಗಾಳಿಯ ದಾರಿ. ಮಕ್ಕಳು ದಂಟಿನ ಒಂದು ತುದಿ ನೀರಿಗಿಟ್ಟು ಇನ್ನೊಂದು ತುದಿಯಿಂದ ಊದಿ ಗುಳ್ಳೆ ಎಬ್ಬಿಸುವುದು ಇದೇ ದಾರಿಯಲ್ಲಿ. ಇಷ್ಟು ಚೆನ್ನಾಗಿ ಕೆಸರಿಗೆ ಒಗ್ಗಿದ ಗೆಡ್ಡೆ ಕೆಸರಿನಲ್ಲಿ ಇರುವುದನ್ನೂ ಒಳಗೆ ಸೆಳೆದುಕೊಳ್ಳುತ್ತದೆ. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ತಾವರೆ ಹೀರುತ್ತದೆ ಎಂದೇ ಕೊಳೆನೀರು ಶುದ್ಧಿಗೆ ಅದನ್ನು ಬಳಸುವ ಪ್ರಯೋಗಗಳು ನಡೆದಿವೆ. ಹೆದ್ದಾರಿಯ ನೀರು ಇಳಿಯುವ, ಸೋಪಿನ ನೊರೆ ನಿಲ್ಲುವ, ಚೌತಿಗೂ ನವರಾತ್ರಿಗೂ ಬಣ್ಣ ಬಳಿದ ಮೂರ್ತಿಗಳನ್ನು ವಿಸರ್ಜಿಸುವ ಕೆರೆಯ ಗೆಡ್ಡೆಯಲ್ಲಿ ಪಾಲಿಫೀನಾಲ್ ಎಷ್ಟಿದ್ದರೇನು? ಅದರೊಡನೆ ಸೀಸವೂ ತಟ್ಟೆಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ನೀರಿನ ಗಿಡಗಳನ್ನು ಹಸಿಯಾಗಿ ಕಚ್ಚುವುದೂ ಬೇಡ. ಉತ್ತರ ಭಾರತದ ಕೆಲವು ಭಾಗಗಳಲ್ಲಿ ಕರುಳಿನ ಚಪ್ಪಟೆ ಹುಳದ ಸೋಂಕು ಹರಡಿದ್ದು ಹೀಗೆಯೇ. ಕೆರೆ ಯಾವುದು ಎಂದು ತಿಳಿಯದ ಗೆಡ್ಡೆಯನ್ನು ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು, ಬೇಯಿಸಿಯೇ ತಿನ್ನಬೇಕು. ಊರ ಕೆರೆಯದ್ದಾದರೆ ಮೊದಲು ಆ ನೀರನ್ನೂ ಹೂಳನ್ನೂ ಪರೀಕ್ಷೆಗೆ ಕೊಡಬೇಕು.

ನಮ್ಮಲ್ಲಿ ಹೂಳೆತ್ತುವ ಕೆಲಸ ಈಗ ಜೆಸಿಬಿಯಿಂದ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಹೂಳಿನೊಡನೆ ಗೆಡ್ಡೆ, ಬೀಜ ಎಲ್ಲವೂ ಲಾರಿಗೆ ಹೋಗಿ, ಸುತ್ತ ಕಲ್ಲು ಕಟ್ಟಿದ ಮೇಲೆ ನೀರು ತಿಳಿಯಾಗಿ, ಖಾಲಿಯಾಗಿ ನಿಲ್ಲುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂತರಗಂಗೆಯೋ ಸಾಲ್ವಿನಿಯಾವೋ ಅದನ್ನು ಮುಚ್ಚುತ್ತದೆ. ಒಂದು ಮೂಲೆಯ ಹೂಳನ್ನು ಉಳಿಸಿ, ಅಲ್ಲಿಯ ಗೆಡ್ಡೆಯನ್ನು ಕಾದಿಟ್ಟರೆ ತಾವರೆ ಮರಳುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಗುತ್ತಿಗೆಯ ಕಾಗದದಲ್ಲಿ ಒಂದು ಸಾಲು ಬರೆದರೆ ಆಯಿತು. ಯಾವ ಕೆರೆಯಲ್ಲಿ ಯಾವ ಗಿಡ ಇದೆ ಎಂದು ಗುರುತಿಸಲು ಕೆ. ಗೋಪಾಲಕೃಷ್ಣ ಭಟ್ಟರ 2003ರ 'ಫ್ಲೋರಾ ಆಫ್ ಉಡುಪಿ'ಯಂಥ ಗ್ರಂಥ ನಮ್ಮ ಜಿಲ್ಲೆಗೆ ಇದೆ. ಎಲ್ಲ ಜಿಲ್ಲೆಗಳಿಗೂ ಆ ಭಾಗ್ಯ ಇಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು ಕನ್ನಡಕ್ಕೆ ಕೊಟ್ಟ ನೆಲದಲ್ಲಿ, ಶಾಲೆಯ ಮಕ್ಕಳು ತಮ್ಮೂರ ಕೆರೆಗಳ ತಾವರೆ ನೈದಿಲೆಗಳ ಪಟ್ಟಿ ಮಾಡುವುದು ಕಷ್ಟದ ಮಾತಾಗಬಾರದು.

ಮನೆಯಲ್ಲಿ ಮಾಡಿ ನೋಡಬಹುದಾದ ಒಂದು ಕೆಲಸ ಉಂಟು. ಜಪಮಾಲೆ ಮಾರುವಲ್ಲಿ ಪೋಣಿಸದ, ತೂತು ಕೊರೆಯದ ಕಮಲಾಕ್ಷಿ ಬೀಜ ಕೇಳಿ ತನ್ನಿ. ನಾನು ಐದು ತಂದಿದ್ದೆ. ಹಾಗೆಯೇ ನೀರಿಗೆ ಹಾಕಿದ್ದು ವಾರವಾದರೂ ಕಲ್ಲಿನಂತೆಯೇ ಇತ್ತು. ಉಳಿದ ನಾಲ್ಕನ್ನು ಅಂಗಳದ ಒರಟು ಮುರಕಲ್ಲಿಗೆ, ಮೊನೆಯಿಲ್ಲದ ತುದಿಯ ಕಡೆ, ಕಪ್ಪು ಸವೆದು ಒಳಗಿನ ಕೆನೆಬಣ್ಣ ಕಾಣುವವರೆಗೆ ಉಜ್ಜಿ ಗಾಜಿನ ಲೋಟದ ನೀರಿಗೆ ಬಿಟ್ಟೆ. ಮರುದಿನವೇ ಬೀಜ ಉಬ್ಬಿ ದುಪ್ಪಟ್ಟಾಯಿತು. ದಿನಾ ನೀರು ಬದಲಿಸುತ್ತ ಹೋದೆ. ಐದನೆಯ ದಿನ ಬೆಳಿಗ್ಗೆ ಕವಚ ಬಿರಿದು, ಆ ಕಹಿ ಹಸಿರು ಮೊಳಕೆ ಮಡಿಕೆ ಬಿಚ್ಚಿ ನೀರಿನ ಮೇಲ್ಮೈಯ ಕಡೆ ತಿರುಗಿತ್ತು.